ನಮ್ಮ ಮನೆಯವಳು ಪಿಯಾನೊ ಪರೀಕ್ಷಿಸಿದ್ದು

ಎತ್ತಿಕೊಂಡು ಹೋಗಬಹುದಾದ ಪಿಯಾನೊ ಎಂದು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚು ಹಾಕಿದ್ದರು. ಯಾರು ಎತ್ತಬೇಕು ಎಂದು ಮಾತ್ರ ಎಲ್ಲೂ ಬರೆದಿರಲಿಲ್ಲ. ಅಂಗಡಿಯವನು ಒಂದು ತುದಿ ಹಿಡಿದು ನನ್ನ ಕಾರಿನವರೆಗೆ ಬಂದು, "ಹಗುರ ಇದೆ ಅಲ್ವಾ ಸಾರ್?" ಎಂದು ಹಲ್ಲು ಕಿರಿದು ಒಳಗೆ ಹೋಗಿಬಿಟ್ಟ. ಆಮೇಲಿನದೆಲ್ಲ ನನ್ನ ಸೊಂಟದ ಕಥೆ.

ನಾನು ಕಾರು ಓಡಿಸುವುದನ್ನು ಕಲಿಸುವವನು. ನೆತ್ತಿಯ ಮೇಲೆ ಕೆಂಪು ಅಕ್ಷರದ ಫಲಕ ಹೊತ್ತ ನನ್ನ ಪುಟ್ಟ ಕಾರಿನೊಳಕ್ಕೆ ಆ ಉದ್ದನೆಯ ಪೆಟ್ಟಿಗೆಯನ್ನು ಹಿಂದಿನ ಬಾಗಿಲಿನಿಂದ ತೂರಿಸಿದೆವು. ಅದರ ಮೂತಿ ಮುಂದಿನ ಗಾಜಿಗೆ ತಾಗುವಷ್ಟು ಬಂತು. ಕಲಿಯುವವರು ಕೂರುವ ಜಾಗದಲ್ಲಿ ನಾನು ಕೂತೆ, ನನ್ನ ಜಾಗದಲ್ಲಿ ಪಿಯಾನೊ ಒರಗಿತು, ಹಿಂದೆ ಒಂದು ಮೂಲೆಯಲ್ಲಿ ನನ್ನ ಹೆಂಡತಿ ಮೊಣಕಾಲು ಎದೆಗೆ ಒತ್ತಿಕೊಂಡು ಅದನ್ನು ತಬ್ಬಿ ಹಿಡಿದಿದ್ದಳು. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದ ಸ್ಕೂಟರಿನವನು ಬಗ್ಗಿ ನೋಡಿ, "ಇವರಿಗೂ ಕಲಿಸ್ತೀರಾ?" ಎಂದು ಕೇಳಿದ. ದಿನವಿಡೀ ಕಲಿಯುವವರ ಪಕ್ಕದಲ್ಲಿ ಸಿಟ್ಟು ನುಂಗಿಕೊಂಡು ಕೂರುವವನು ನಾನು, ಸಂಜೆ ಅದನ್ನೆಲ್ಲ ಯಾರ ಮೇಲಾದರೂ ಕಕ್ಕಲೇಬೇಕು. ಅವನಿಗೆ ಸರಿಯಾಗಿ ಹೇಳುವಷ್ಟರಲ್ಲಿ ಹಸಿರು ದೀಪ ಬಂತು.

ಪಿಯಾನೊ ನಮ್ಮದಲ್ಲ. ಒಂದು ವಾರದ ಮಟ್ಟಿಗೆ ಪರೀಕ್ಷೆಗೆಂದು ಬಂದದ್ದು. ಅದನ್ನು ಕೊಳ್ಳುವುದೋ ಬೇಡವೋ ಎಂದು ಹೇಳಬೇಕಾದವಳು ನನ್ನ ಹೆಂಡತಿ. ಈ ಮಾತನ್ನು ಬರೆಯುವಾಗಲೂ ನನಗೆ ಸ್ವಲ್ಪ ಕೊಬ್ಬು ಬರುತ್ತದೆ, ಬರಲಿ ಬಿಡಿ.

ನಮ್ಮ ಬೀದಿಯ ಕೊನೆಯಲ್ಲಿ ಅಗ್ನಿಶಾಮಕ ಠಾಣೆಯಿದೆ. ಕೆಳಗೆ ಕೆಂಪು ಗಾಡಿಗಳು, ಮೇಲೆ ಒಂದು ಉದ್ದನೆಯ ಸಭಾಂಗಣ. ಅಲ್ಲಿ ವಾರಕ್ಕೆರಡು ಸಂಜೆ ಊರಿನ ಹಾಡುವ ತಂಡ ಸೇರುತ್ತಿತ್ತು. ಹಲ್ಲಿನ ಡಾಕ್ಟರಮ್ಮ, ಉದ್ಯಾನದ ಮಾಲಿ, ಒಬ್ಬಳು ನರ್ಸು, ಬಸ್ಸಿನ ಕಂಡಕ್ಟರು, ಜೊತೆಗೆ ಕೆಳಗಿನ ಠಾಣೆಯಿಂದಲೇ ಇಬ್ಬರು ದಪ್ಪ ದನಿಯವರು. ಎಲ್ಲರನ್ನೂ ಒಟ್ಟಿಗೆ ಹಾಡಿಸುವವರು ಒಬ್ಬ ನಿವೃತ್ತ ಗಣಿತದ ಮೇಷ್ಟ್ರು. ಮೂಲೆಯ ಹಳೆಯ ಪಿಯಾನೊದ ಮುಂದೆ ನನ್ನ ಹೆಂಡತಿ.

ಅವಳು ಅಲ್ಲಿಗೆ ಹೋದದ್ದು ಪಿಯಾನೊ ನುಡಿಸಲಿಕ್ಕಲ್ಲ. ಮದುವೆಯಾದ ಹೊಸತರಲ್ಲಿ, ಹಾಡಬೇಕೆಂದು, ಒಳ್ಳೆಯ ಬಟ್ಟೆ ಹಾಕಿಕೊಂಡು ಹೋದಳು. ಅಂದು ನುಡಿಸುವವರು ಊರು ಬಿಟ್ಟು ಹೋಗಿದ್ದರಂತೆ. "ಯಾರಿಗಾದ್ರೂ ನುಡಿಸೋಕೆ ಬರುತ್ತಾ?" ಎಂದು ಮೇಷ್ಟ್ರು ಕೇಳಿದರು. ಚಿಕ್ಕಂದಿನಲ್ಲಿ ಸೋದರತ್ತೆಯ ಮನೆಯಲ್ಲಿ ಕಲಿತದ್ದು ನೆನಪಾಗಿ ಇವಳು ಕೈ ಎತ್ತಿದಳು. ಅಂದು ಎತ್ತಿದ ಕೈಯನ್ನು ಇಳಿಸಲು ಯಾರೂ ಬಿಡಲಿಲ್ಲ. ಮಗಳು ಹುಟ್ಟಿದಾಗ ಕೆಲವು ವಾರ ತಪ್ಪಿಸಿದ್ದು ಬಿಟ್ಟರೆ ಆ ಕುರ್ಚಿ ಇವಳದೇ. ಮಗಳು ಈಗ ಬೇರೆ ಊರಿನಲ್ಲಿ ಓದುತ್ತಿದ್ದಾಳೆ, ಕುರ್ಚಿ ಹಾಗೇ ಇದೆ.

ಹಗಲು ಅವಳ ಕೆಲಸ ಕನ್ನಡಕದ ಅಂಗಡಿಯಲ್ಲಿ. ಹಿಂದಿನ ಕತ್ತಲೆ ಕೋಣೆಯಲ್ಲಿ ಜನರ ಕಣ್ಣಿನ ಮುಂದೆ ಒಂದೊಂದೇ ಗಾಜು ಇಟ್ಟು, "ಇದು ಚೆನ್ನಾಗಿ ಕಾಣುತ್ತಾ, ಇದಾ?" ಎಂದು ಕೇಳುತ್ತಾಳೆ. ನಡುನಡುವೆ ಬೇಕೆಂದೇ ಒಂದೇ ಗಾಜನ್ನು ಎರಡು ಸಲ ಇಡುವ ಅಭ್ಯಾಸ ಅವಳಿಗೆ. "ಎರಡನೆಯದು ಚೆನ್ನಾಗಿದೆ" ಎಂದವರಿಗೆ ನೀರು ಕೊಟ್ಟು, ಸ್ವಲ್ಪ ಹೊತ್ತು ಕೂರಿಸಿ, ಮೊದಲಿನಿಂದ ಶುರುಮಾಡುತ್ತಾಳೆ. "ಜನ ಸುಳ್ಳು ಹೇಳಲ್ಲ ಪಾಪ, ಸಾಕಾಗಿ ಏನೋ ಒಂದು ಹೇಳಿ ಎದ್ದು ಹೋಗ್ತಾರೆ" ಎನ್ನುವುದು ಅವಳ ಮಾತು.

ಆ ತಂಡದ ಒಂದು ಪದ್ಧತಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಹಾಡಿನ ನಡುವೆ ಕೆಳಗೆ ಬೆಂಕಿಯ ಗಂಟೆ ಹೊಡೆದರೆ ದಪ್ಪ ದನಿಯವರಿಬ್ಬರೂ ಪುಸ್ತಕವನ್ನು ಕುರ್ಚಿಗೆ ಒಗೆದು ಮೆಟ್ಟಿಲಿಳಿದು ಓಡುತ್ತಾರೆ. ಉಳಿದವರು ಹಾಡು ನಿಲ್ಲಿಸುವುದಿಲ್ಲ, ಮುಂದಕ್ಕೂ ಹೋಗುವುದಿಲ್ಲ. ಆ ಗಳಿಗೆಯಲ್ಲಿ ಬಾಯಲ್ಲಿದ್ದ ಸ್ವರವನ್ನೇ ಹಿಡಿದು, ಸರದಿಯ ಮೇಲೆ ಉಸಿರು ತೆಗೆದುಕೊಳ್ಳುತ್ತ ನಿಂತುಬಿಡುತ್ತಾರೆ. ಗಾಡಿ ಹೊರಟು, ಸೈರನ್ನು ತಿರುವು ದಾಟಿ ಕ್ಷೀಣವಾದ ಮೇಲೆಯೇ ಮುಂದಿನ ಸಾಲು. ಹೋಗುವವರನ್ನು ಕಳುಹಿಸಿಕೊಡುವ ರೀತಿ ಅದು. ಅಷ್ಟು ಹೊತ್ತೂ ನನ್ನ ಹೆಂಡತಿ ಅದೇ ಸ್ವರಗಳನ್ನು ಮೆಲ್ಲಗೆ ಮತ್ತೆ ಮತ್ತೆ ಒತ್ತುತ್ತ ಎಲ್ಲರ ದನಿಯನ್ನೂ ಕೆಳಗಿನಿಂದ ಹಿಡಿದಿರುತ್ತಾಳೆ.

ಈಗ ಠಾಣೆಯವರಿಗೆ ಮಲಗಲು ಜಾಗ ಸಾಲದೆ ಆ ಸಭಾಂಗಣವನ್ನು ಬಿಟ್ಟುಕೊಡಬೇಕಾಗಿ ಬಂತು. ಇನ್ನು ಮೇಲೆ ಒಂದು ವಾರ ಶಾಲೆಯ ಊಟದ ಕೋಣೆ, ಒಂದು ವಾರ ಗ್ರಂಥಾಲಯ. ಹಳೆಯ ಪಿಯಾನೊ ಮೆಟ್ಟಿಲಿಳಿಯುವ ಪೈಕಿ ಅಲ್ಲ. ಅದಕ್ಕೇ ಈ ಹೊಸದು, ವಿದ್ಯುತ್ತಿನದು, ಆ ಪೈಕಿ ಎಲ್ಲಕ್ಕಿಂತ ಮೇಲಿನ ದರ್ಜೆಯದು. ತಂಡದ ಕಾರ್ಯದರ್ಶಿ ಹಲ್ಲಿನ ಡಾಕ್ಟರಮ್ಮ. ಅವರು ನನ್ನೆದುರೇ ಇವಳಿಗೆ ಹೇಳಿದರು: "ಇದರಲ್ಲಿ ನುಡಿಸಿದ್ದನ್ನ ರೆಕಾರ್ಡ್ ಮಾಡಿ ಇಟ್ಕೋಬಹುದಂತೆ. ಗುಂಡಿ ಒತ್ತಿದ್ರೆ ನೀವು ನುಡಿಸಿದ ಹಾಗೇ ಮತ್ತೆ ನುಡಿಯುತ್ತಂತೆ. ಒಂದಿನ ನೀವು ಬರದೇ ಇದ್ರೂ ನಮಗೆ ತೊಂದರೆ ಇಲ್ಲ ನೋಡಿ. ಅದನ್ನೂ ಪರೀಕ್ಷೆ ಮಾಡಿಬಿಡಿ."

ನೀವು ಬರದೇ ಇದ್ದರೂ! ನನ್ನ ಕಿವಿ ನೆಟ್ಟಗಾಯಿತು. ಇಷ್ಟು ವರ್ಷ ದುಡಿದವಳ ಕೈಯಲ್ಲೇ ಅವಳ ಜಾಗಕ್ಕೆ ಕುತ್ತು ತರುವ ವಸ್ತುವನ್ನು ಆರಿಸುವುದು. ಇವಳು ಮಾತ್ರ, "ಮಾಡ್ತೀನಿ ಮೇಡಂ, ಚೆನ್ನಾಗಿ ನೋಡ್ತೀನಿ" ಎಂದಳು. ಮುಖದಲ್ಲಿ ಏನೂ ಕಾಣಲಿಲ್ಲ. ಕಣ್ಣು ಪರೀಕ್ಷಿಸುವವರ ಮುಖವೇ ಹಾಗೆ.

ಮನೆಯಲ್ಲಿ ಊಟದ ಮೇಜನ್ನು ಗೋಡೆಗೆ ತಳ್ಳಿ ಪಿಯಾನೊಕ್ಕೆ ಜಾಗ ಮಾಡಿದೆವು. ಹೊಸ ವಾದ್ಯ ಬಂದರೆ ಯಾರಾದರೂ ಒಂದು ಹಾಡು ನುಡಿಸುತ್ತಾರೆ. ಇವಳು ಆ ಸಂಜೆ ಹಾಡಿನ ಗೋಜಿಗೇ ಹೋಗಲಿಲ್ಲ. ನಡುವಿನ ಒಂದು ಕೀ ಹಿಡಿದು, ಅದನ್ನು ಎಷ್ಟು ನಿಧಾನ ಒತ್ತಿದರೆ ಸದ್ದೇ ಬರುವುದಿಲ್ಲ, ಇನ್ನೆಷ್ಟು ಒತ್ತಿದರೆ ಪಿಸುಗುಟ್ಟುತ್ತದೆ ಎಂದು ನೋಡಿದಳು. ಆಮೇಲೆ ಪಕ್ಕದ ಕೀ. ಆಮೇಲೆ ಅದರ ಪಕ್ಕದ್ದು. ಒಂದೇ ಕೀಯನ್ನು ಎರಡು ಬೆರಳಿನಿಂದ ಗಡಗಡನೆ ಬಡಿದು, ಮೇಲೇಳಲು ಅದಕ್ಕೆ ಎಷ್ಟು ಸಮಯ ಬೇಕೆಂದು ನೋಡಿದಳು. ಪಾತ್ರೆ ತೊಳೆದು ಬಂದ ಒದ್ದೆ ಬೆರಳಿನಲ್ಲಿ ಜಾರುತ್ತದೆಯೇ ಎಂದು ನೋಡಿದಳು. ಒಂದು ಸ್ವರ ಗಟ್ಟಿಯಾಗಿ ಒತ್ತಿ ಹಿಡಿದು, ಅದು ಪೂರ್ತಿ ಆರಿಹೋಗುವವರೆಗೆ ತಲೆ ಓರೆ ಮಾಡಿಕೊಂಡು ಕೂತಳು.

"ಏನು ಕೇಳಿಸ್ಕೋತಾ ಇದ್ದೀಯ?" ಎಂದೆ.

"ಶ್! ಹೋಗ್ತಾ ಇದೆ."

"ಯಾರು?"

"ಸ್ವರ. ನಿಜವಾದ ತಂತಿ ಆದ್ರೆ ಹೋಗೋವಾಗ ಸ್ವಲ್ಪ ತೂಗಾಡುತ್ತೆ. ಅಗ್ಗದ್ದು ಆದ್ರೆ ದೀಪ ಆರಿಸಿದ ಹಾಗೆ ಟಪ್ ಅಂತ ಹೋಗುತ್ತೆ. ಇದು ತೂಗಾಡ್ತಾ ಹೋಗ್ತಿದೆ ನೋಡಿ." ಅವಳ ದನಿಯಲ್ಲಿ ಒಂದು ಬಗೆಯ ಆಸೆ ಇತ್ತು. ಮೆಚ್ಚಿಬಿಟ್ಟಳಲ್ಲ ಇವಳು ಎಂದು ನನ್ನ ಹೊಟ್ಟೆ ಉರಿಯಿತು.

ಮರುದಿನ ಸದ್ದನ್ನೆಲ್ಲ ಹೆಡ್‌ಫೋನಿಗೆ ಕಳುಹಿಸಿ ನುಡಿಸಿದಳು. ಅವಳಿಗೆ ಸಂಗೀತ, ನನಗೆ ಬರೀ ಟಕಟಕ. ಸ್ವಲ್ಪ ಹೊತ್ತಿಗೆ ಕೆಳಮನೆಯ ಅಜ್ಜಿ ಬಾಗಿಲು ತಟ್ಟಿ, "ಮೇಲೆ ಏನಪ್ಪಾ ಕುಟ್ತಾ ಇದ್ದೀರಿ, ನನ್ನ ದೀಪ ಅಲ್ಲಾಡ್ತಾ ಇದೆ" ಎಂದು ಗದರಿಸಿದರು. ಇವಳು ಅವರನ್ನು ಒಳಗೆ ಕರೆದು ಹೆಡ್‌ಫೋನು ಹಾಕಿ ಕೂರಿಸಿದಳು. ಅಜ್ಜಿ ಕಣ್ಣು ಮುಚ್ಚಿಕೊಂಡು ಕೇಳಿ, ನನ್ನ ಕಡೆ ತಿರುಗಿ, ಕಿವಿ ಮುಚ್ಚಿದವರೆಲ್ಲ ಮಾತಾಡುವಂತೆ ಕಿರುಚಿ ಹೇಳಿದರು: "ಚೆನ್ನಾಗಿದೆ! ಕುಟ್ಟಲಿ ಬಿಡಿ!" ಆದರೂ ಇವಳು, ಮೃದುವಾಗಿ ನುಡಿಸುವಾಗ ಕೀಗಳ ಟಕಟಕ ಮುಂದಿನ ಸಾಲಿನವರಿಗೆ ಕೇಳಿಸಬಹುದು ಎಂದು ಒಂದು ದೂರು ದಾಖಲಿಸಿಕೊಂಡಳು, ತಲೆಯಲ್ಲೇ. ಪೆಡಲು ನೆಲದ ಮೇಲೆ ಜಾರುತ್ತದೆ, ಇದು ಇನ್ನೊಂದು ದೂರು. ನನ್ನ ಕಾರಿನ ರಬ್ಬರು ಚಾಪೆಯನ್ನು ಕಿತ್ತು ತಂದು ಅದರಡಿ ಹಾಕಿದಳು, ನನ್ನನ್ನು ಒಂದು ಮಾತೂ ಕೇಳದೆ.

ರಜೆಯ ಮಧ್ಯಾಹ್ನ ಪಿಯಾನೊವನ್ನು ಸಭಾಂಗಣಕ್ಕೆ ಸಾಗಿಸಿ ಹಳೆಯದರ ಪಕ್ಕದಲ್ಲೇ ಇಟ್ಟೆವು. ಸಾಗಿಸಿದೆವು ಎಂದರೆ ನಾನು ಹೊತ್ತೆ, ಅವಳು "ಜೋಪಾನ, ಜೋಪಾನ" ಎಂದಳು. ನನಗಲ್ಲ, ಅದಕ್ಕೆ. ಆಮೇಲೆ ನನ್ನನ್ನು ಕಿಟಕಿಯ ಕಡೆ ಮುಖ ಮಾಡಿಸಿ ನಿಲ್ಲಿಸಿದಳು. ಕೆಳಗೆ ಅಂಗಳದಲ್ಲಿ ಒಣಗಲು ಹಾಕಿದ ನೀರಿನ ಕೊಳವೆಗಳು ಉದ್ದಕ್ಕೆ ತೂಗಾಡುತ್ತಿದ್ದವು.

"ತಿರುಗಿ ನೋಡ್ಬೇಡಿ. ಒಂದೇ ಸಾಲನ್ನ ಎರಡು ಸಲ ನುಡಿಸ್ತೀನಿ. ಯಾವುದು ಚೆನ್ನಾಗಿದೆ ಹೇಳಿ. ಮೊದಲನೆಯದಾ, ಎರಡನೆಯದಾ?"

ನನಗೆ ಸಂಗೀತ ಗೊತ್ತಿಲ್ಲ, ಆದರೆ ಕಾರಿನ ಸದ್ದು ಕೇಳಿ ಕೇಳಿ ಕಿವಿ ಪಳಗಿದೆ. ಹಳೆಯ ಪಿಯಾನೊದ ಪೆಡಲು ಕಿರ್ ಎನ್ನುತ್ತದೆ ಎಂದು ಮೊದಲ ಸುತ್ತಿನಲ್ಲೇ ಪತ್ತೆ ಹಚ್ಚಿದೆ. ಅಲ್ಲಿಂದ ಮುಂದೆ ನನ್ನ ಕೆಲಸ ಸಲೀಸು. ಕಿರ್ ಎಂದದ್ದು ಮೊದಲು ಬಂದರೆ ಮೊದಲನೆಯದು ಚೆನ್ನ, ಆಮೇಲೆ ಬಂದರೆ ಎರಡನೆಯದು ಚೆನ್ನ. ಹೊಸದನ್ನು ಅಂಗಡಿಗೆ ವಾಪಸು ಕಳುಹಿಸದೆ ಬಿಡುವುದಿಲ್ಲ ಎಂದು ಹಟ ಹಿಡಿದು ಹೇಳುತ್ತ ಹೋದೆ. ಹೇಳುವಾಗ ಸ್ವಲ್ಪ ಯೋಚಿಸಿದಂತೆ ಗಲ್ಲವನ್ನೂ ಕೆರೆದುಕೊಂಡೆ.

"ಎರಡನೆಯದು" ಎಂದೆ ಕೊನೆಗೆ. "ಎರಡನೆಯದರಲ್ಲಿ ಒಂದು ಜೀವ ಇದೆ."

"ಇದೆಯಾ? ತಿರುಗಿ ನೋಡಿ."

ತಿರುಗಿದೆ. ಅವಳು ಹೊಸ ಪಿಯಾನೊದ ಮುಂದೆ ಕೂತಿದ್ದಳು. ಎಡಗಾಲನ್ನು ಮಾತ್ರ ಪಕ್ಕಕ್ಕೆ ಚಾಚಿ ಹಳೆಯದರ ಪೆಡಲನ್ನು ಸುಮ್ಮನೆ ಒತ್ತುತ್ತಿದ್ದಳು. ಕಿರ್, ಕಿರ್. ಎರಡೂ ಸಲ ನುಡಿಸಿದ್ದು ಹೊಸದರಲ್ಲೇ.

ಸಿಕ್ಕಿಬಿದ್ದವನಿಗೆ ಸಿಟ್ಟು ಜಾಸ್ತಿ. ಖಾಲಿ ಸಭಾಂಗಣದಲ್ಲಿ ನನ್ನ ಕೂಗು ಚಾವಣಿಗೆ ಬಡಿಯಿತು. "ಹೌದು ಕಣೇ, ಸುಳ್ಳೇ ಹೇಳ್ದೆ! ಇದು ಬಂತು ಅಂದ್ರೆ ನಿನ್ನ ಜಾಗ ಹೋಯ್ತು. ಒಂದ್ಸಲ ಇದರೊಳಗೆ ನುಡಿಸಿಟ್ಟೆ ಅಂದ್ರೆ ಆಮೇಲೆ ನಿನ್ನನ್ನ ಯಾರು ಕೇಳ್ತಾರೆ?"

"ಯಾರೂ ಕೇಳೋದು ಬೇಡ ಅಂತಾನೇ ನನ್ನಾಸೆ" ಎಂದಳು.

ನನಗೆ ಅರ್ಥವಾಗಲಿಲ್ಲ. ಅವಳು ಎರಡೂ ಪೆಡಲುಗಳಿಂದ ಕಾಲು ತೆಗೆದು ಸರಿಯಾಗಿ ಕೂತಳು.

"ನಂಗೆ ಹಾಡ್ಬೇಕು ಕಣ್ರೀ. ನಿಂತ್ಕೊಂಡು. ಎರಡನೇ ಸಾಲಲ್ಲಿ, ಎಲ್ಲರ ಜೊತೆ. ನಾನಿಲ್ಲಿಗೆ ಬಂದಿದ್ದೇ ಅದಕ್ಕಲ್ವಾ?"

"ಮತ್ತೆ ಇಷ್ಟು ವರ್ಷ ಯಾಕೆ ಬಾಯಿ ಬಿಡ್ಲಿಲ್ಲ?"

"ಬಿಟ್ಟಿದ್ರೆ ನುಡಿಸೋರು ಯಾರು? ಬಾಗಿಲು ಮುಚ್ಕೊಂಡು ಹೋಗ್ಬೇಕಿತ್ತು ತಂಡ. ಈಗ ಇದು ಬಂದಿದೆ. ನಾನು ನುಡಿಸಿಟ್ಟಿದ್ದನ್ನ ಇದು ನುಡಿಸುತ್ತೆ ಅಂದ್ರೆ ನಾನು ಅಲ್ಲಿ ಹೋಗಿ ನಿಂತ್ಕೋಬಹುದು."

"ಹಾಗಿದ್ರೆ ಒಂದೊಂದು ಕೀಗೂ ತಪ್ಪು ಯಾಕೆ ಹುಡುಕ್ತಾ ಇದ್ದೀಯ? ಎಲ್ಲಾ ಚೆನ್ನಾಗಿದೆ ಅಂದ್ಬಿಡು, ಮುಗೀತು."

"ಅದಕ್ಕೇ ಹುಡುಕ್ತಾ ಇರೋದು. ಕನ್ನಡಕ ಬೇಡ ಅನ್ನೋ ಆಸೆ ಇರೋರಿಗೆ ಗೋಡೆ ಮೇಲಿನ ಎಲ್ಲಾ ಅಕ್ಷರನೂ ಕಾಣುತ್ತೆ, ದಿನಾ ನೋಡ್ತೀನಿ. ನಂಗೆ ಇದು ಚೆನ್ನಾಗಿರ್ಲಿ ಅಂತ ಆಸೆ. ನನ್ನ ಕಿವಿ ನಾನೇ ನಂಬೋ ಹಾಗಿಲ್ಲ. ಯಾವ ಆಸೆನೂ ಇಲ್ಲದೋರು ಒಬ್ರು ಇರ್ಲಿ ಅಂತ ನಿಮ್ಮನ್ನ ಕರ್ಕೊಂಡ್ ಬಂದೆ. ನೀವು ನೋಡಿದ್ರೆ ನನಗಿಂತ ದೊಡ್ಡ ಕಳ್ಳರು."

ನನಗೆ ನಗು ಬಂತು. ಇಷ್ಟು ವರ್ಷ ಒಂದೇ ಮೇಜಿನಲ್ಲಿ ಊಟ ಮಾಡಿದ್ದೇವೆ, ಅವಳಿಗೆ ಏನು ಬೇಕು ಎಂದು ಅಂದು ತಿಳಿಯಿತು. ಮತ್ತೆ ಕಿಟಕಿಗೆ ಮುಖ ಮಾಡಿ ನಿಂತೆ. ಈ ಸಲ ಕಣ್ಣು ಮುಚ್ಚಿಕೊಂಡು, ನೆಟ್ಟಗೆ ಕೇಳಿಸಿಕೊಂಡು, ಇದ್ದದ್ದನ್ನು ಇದ್ದಂತೆ ಹೇಳಿದೆ. ಮೃದುವಾದ ಕಡೆ ಹೊಸದು ಒಂದು ಕೈ ಮೇಲು. ಗಟ್ಟಿಯಾಗಿ ನುಡಿಸಿದಾಗ ಅದರ ಸದ್ದು ಅವಳ ಮಡಿಲಲ್ಲೇ ಉಳಿಯುತ್ತದೆ, ಕೋಣೆಯ ಕೊನೆಗೆ ಬರುವುದಿಲ್ಲ, ಬೇರೆ ಸ್ಪೀಕರು ಬೇಕು. ಅವಳು ಪ್ರತಿಯೊಂದಕ್ಕೂ "ಹ್ಞೂಂ" ಎಂದಳು. ನಡುವೆ ಇನ್ನೊಮ್ಮೆ ಒಂದರಲ್ಲೇ ಎರಡು ಸಲ ನುಡಿಸಿ ನನ್ನನ್ನು ಪರೀಕ್ಷಿಸಿದಳು. "ಎರಡೂ ಒಂದೇ" ಎಂದೆ. ಎದ್ದು ಬಂದು "ಶಹಭಾಸ್!" ಎಂದು ಬೆನ್ನು ತಟ್ಟಿದಳು. ಅಂಥ ಶಹಭಾಸ್‌ಗಿರಿ ನನಗೆ ಅವಳಿಂದ ಮದುವೆಯ ದಿನವೂ ಸಿಕ್ಕಿರಲಿಲ್ಲ.

ಪಿಯಾನೊವನ್ನು ಮತ್ತೆ ಮನೆಗೆ ಹೊತ್ತು ತಂದೆ, ಮುಂದಿನ ಸಂಜೆ ಅಲ್ಲಿ ರೆಕಾರ್ಡಿಂಗು. ಅವಳು ನುಡಿಸುವಾಗ ಕೀಗಳನ್ನು ನೋಡುವುದೇ ಇಲ್ಲ, ಹಾಡುವವರ ಭುಜ ನೋಡುತ್ತಾಳೆ. ಭುಜ ಮೇಲೆದ್ದರೆ ಉಸಿರು ತೆಗೆದುಕೊಂಡರು ಎಂದರ್ಥ, ಆಗ ಅವಳ ಕೈ ಕೂದಲೆಳೆಯಷ್ಟು ಕಾಯುತ್ತದೆ. ಖಾಲಿ ಗೋಡೆಗೆ ಭುಜ ಎಲ್ಲಿಂದ ಬರಬೇಕು? ಬಟ್ಟೆ ಒಣಹಾಕುವ ಸ್ಟ್ಯಾಂಡನ್ನು ಎದುರಿಗೆಳೆದು ನನ್ನ ಅಂಗಿಗಳನ್ನು ಸಾಲಾಗಿ ತೂಗುಹಾಕಿದಳು. "ನೀಲಿಯದು ನರ್ಸು, ಪಟ್ಟೆಯದು ಕಂಡಕ್ಟರು" ಎಂದು ನನಗೆ ಪರಿಚಯ ಮಾಡಿಸಿ, ಆ ಅಂಗಿಗಳನ್ನೇ ನೋಡುತ್ತ, ಅವು ಉಸಿರಾಡುವ ಕಡೆಯೆಲ್ಲ ನಿಂತು ನಿಂತು ನುಡಿಸಿದಳು. ಒಂದೂ ತಪ್ಪಿಲ್ಲದೆ ಬಂತು. ಗುಂಡಿ ಒತ್ತಿ ಕೇಳಿದರೆ ಕೀಗಳ ಮುಂದೆ ಯಾರೂ ಇಲ್ಲ, ನನ್ನ ಹೆಂಡತಿಯ ಕೈ ಮಾತ್ರ ಇದೆ.

ತಂಡದವರ ಮುಂದೆ ಪರೀಕ್ಷೆಯ ದಿನ ನಾನು ಕೊನೆಯ ಪಾಠವನ್ನು ಬೇಗ ಮುಗಿಸಿ, ಪಿಯಾನೊವನ್ನು ಮತ್ತೆ ಸಭಾಂಗಣಕ್ಕೆ ಹೊತ್ತೊಯ್ದಿಟ್ಟು ಗೋಡೆ ಪಕ್ಕ ಕೂತೆ. ಮೇಷ್ಟ್ರು ಕೈ ಎತ್ತಿದರು. ಇವಳು ಗುಂಡಿ ಒತ್ತಿದಳು. ಒತ್ತಿ ಎದ್ದು, ಯಾರೂ ಕೇಳುವ ಮೊದಲೇ ಹೋಗಿ ಎರಡನೆಯ ಸಾಲಿನಲ್ಲಿ ನರ್ಸು ಮತ್ತು ಮಾಲಿಯ ನಡುವೆ ನಿಂತಳು. "ನಿಂತ್ಕೊಂಡ್ರೆ ಸದ್ದು ಹೇಗೆ ಕೇಳುತ್ತೆ ನೋಡ್ತೀನಿ" ಎಂದು ಒಂದು ನೆಪ ಹೇಳಿದಳು.

ಅಷ್ಟು ವರ್ಷ ಕೆಲಸದಲ್ಲಿದ್ದ ಕೈಗಳಿಗೆ ಎಲ್ಲಿರಬೇಕೆಂದು ಗೊತ್ತಾಗಲಿಲ್ಲ. ಒಮ್ಮೆ ಹಿಂದೆ ಕಟ್ಟಿದಳು, ಒಮ್ಮೆ ಮುಂದೆ, ಕೊನೆಗೆ ಸೆರಗಿನ ತುದಿ ಹಿಡಿದುಕೊಂಡಳು. ಹಾಡು ಶುರುವಾಯಿತು, ಅವಳ ಬಾಯಿ ತೆರೆಯಿತು. ಮೊದಲ ಹಾಡು ಹೆಜ್ಜೆ ಹಾಕುವಂಥ ಹಾಡು, ಪಿಯಾನೊ ಮತ್ತು ತಂಡ ಒಂದೇ ಗಾಲಿಯ ಮೇಲೆ ಹೋದವು. ಡಾಕ್ಟರಮ್ಮ ಹಾಡುತ್ತಲೇ ಹುಬ್ಬು ಹಾರಿಸಿ ಮೆಚ್ಚಿಕೊಂಡರು. ನನ್ನ ಹೆಂಡತಿಯ ಮುಖ ನೋಡಿದೆ. ಮಗಳು ಮೊದಲ ಸಲ ಸೈಕಲ್ಲು ತುಳಿದಾಗ ಅವಳ ಮುಖ ಹಾಗಿತ್ತು, ಮಗಳದಲ್ಲ, ಇವಳದು.

ಎರಡನೆಯದು ನಿಧಾನದ ಹಾಡು. ಅದರ ನಡುವೆ ಕೆಳಗೆ ಗಂಟೆ ಹೊಡೆಯಿತು.

ದಪ್ಪ ದನಿಯವರಿಬ್ಬರೂ ಪುಸ್ತಕ ಒಗೆದು ಓಡಿದರು. ಉಳಿದವರು, ಅಭ್ಯಾಸ ನೋಡಿ, ಬಾಯಲ್ಲಿದ್ದ ಸ್ವರವನ್ನೇ ಹಿಡಿದು ನಿಂತರು. ಪಿಯಾನೊ ನಿಲ್ಲಲಿಲ್ಲ. ಅದಕ್ಕೇನು ಗೊತ್ತು? ಇವರು ನಿಂತಲ್ಲೇ ನಿಂತಿದ್ದಾರೆ, ಅದು ಮುಂದಿನ ಸಾಲು, ಅದರ ಮುಂದಿನ ಸಾಲು ಎಂದು ಹಾಯಾಗಿ ಹೋಗುತ್ತಿದೆ. ಹಿಡಿದ ಸ್ವರಕ್ಕೂ ಅದಕ್ಕೂ ತಾಳವಿಲ್ಲ ಮೇಳವಿಲ್ಲ, ಕಿವಿಗೆ ಕಲ್ಲು ಹೊಡೆದಂತೆ. ದನಿಗಳು ನಡುಗಿದವು. ಕಂಡಕ್ಟರು ಬಿಟ್ಟೇಬಿಟ್ಟರು. ಇಷ್ಟು ಕಾಲ ಒಂದು ಸಲವೂ ಮುರಿಯದ ವಿದಾಯ ಮೆಟ್ಟಿಲ ಮೇಲೆ ಓಡುವವರ ಬೆನ್ನ ಹಿಂದೆಯೇ ಮುರಿಯುತ್ತಿತ್ತು.

ಆಗ ಇವಳು ಎರಡನೆಯ ಸಾಲಿನಿಂದ ಓಡಿದಳು. ಮಾಲಿಯನ್ನು ಪಕ್ಕಕ್ಕೆ ತಳ್ಳಿ, ಒಂದು ಕುರ್ಚಿ ಬೀಳಿಸಿ, ಎಡಗೈಯಲ್ಲಿ ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸಿದಳು. ಬಲಗೈ ಅಷ್ಟರಲ್ಲೇ ಸರಿಯಾದ ಸ್ವರಗಳ ಮೇಲಿತ್ತು. ಕೂರಲಿಲ್ಲ, ಬಗ್ಗಿಕೊಂಡೇ ಒತ್ತಿದಳು, ಮತ್ತೆ, ಮತ್ತೆ, ಮೆಲ್ಲಗೆ. ಒಂದೊಂದೇ ದನಿ ಬಂದು ಅದರ ಮೇಲೆ ಕೂತಿತು. ಗಾಡಿ ಹೊರಟಿತು, ಸೈರನ್ನು ತಿರುವು ದಾಟಿತು. ಮೇಷ್ಟ್ರು ಕೈ ಬೀಸಿದರು, ಮುಂದಿನ ಸಾಲು. ಆಗ ಕೂತವಳು ಹಾಡು ಮುಗಿಯುವವರೆಗೆ ಪಿಯಾನೊದ ಕುರ್ಚಿಯಲ್ಲೇ ಇದ್ದಳು.

ಮುಗಿದ ಮೇಲೆ ಡಾಕ್ಟರಮ್ಮನೇ ಮೊದಲು ಮಾತಾಡಿದರು. "ಪರವಾಗಿಲ್ಲ ಬಿಡಿ. ಮುಂದಿನ ತಿಂಗಳಿಂದ ನಾವಿಲ್ಲಿ ಇರಲ್ಲ, ಗಂಟೆನೂ ಇರಲ್ಲ. ಮೊದಲನೇ ಹಾಡು ಎಷ್ಟು ಚೆನ್ನಾಗಿ ಬಂತು! ರೆಕಾರ್ಡಿಂಗೇ ಸಾಕು. ಏನಂತೀರಿ?"

ಎಲ್ಲರೂ ಇವಳ ಕಡೆ ನೋಡಿದರು. "ಹೌದು ಮೇಡಂ" ಎಂದರೆ ಸಾಕಿತ್ತು. ಎರಡೇ ಪದ. ನಾನು ಗೋಡೆ ಪಕ್ಕದಿಂದ ಕಣ್ಣಲ್ಲೇ ಹೇಳಿದೆ: ಹೇಳು, ಹೇಳಿಬಿಡು.

ಅವಳು ಎದ್ದು ನಿಂತು ಹೇಳಿದಳು. "ಪಿಯಾನೊ ತಗೊಳ್ಳಿ. ಇದಕ್ಕಿಂತ ಒಳ್ಳೇದು ಈ ಪೈಕಿ ನಮಗೆ ಸಿಗಲ್ಲ. ಬೆರಳು ಹೇಳಿದ್ದನ್ನ ಕೇಳುತ್ತೆ. ಪೆಡಲ್ ಜಾರುತ್ತೆ, ಅದಕ್ಕೆ ಚಾಪೆ ಹಾಕ್ಬೇಕು. ದೊಡ್ಡ ಕೋಣೆಗೆ ಬೇರೆ ಸ್ಪೀಕರ್ ಬೇಕು. ಹೊರೋಕೆ ಒಬ್ಬ ಗಂಡ ಬೇಕು." ಎಲ್ಲರೂ ನಕ್ಕರು. ಅವಳು ನಗಲಿಲ್ಲ. "ರೆಕಾರ್ಡಿಂಗ್ ಮಾತ್ರ ಬೇಡ. ಮನೇಲಿ ಅಭ್ಯಾಸಕ್ಕೆ ಇಟ್ಕೊಳ್ಳಿ, ಜನರ ಮುಂದೆ ಬೇಡ. ಅಲ್ಲಿ ಗಂಟೆ ಇರಲ್ಲ ನಿಜ. ಯಾರಿಗೋ ಕೆಮ್ಮು ಬರುತ್ತೆ, ಯಾರೋ ಸಾಲು ಮರೀತಾರೆ, ಒಂದಿನ ಮೇಷ್ಟ್ರಿಗೆ ಖುಷಿಯಾಗಿ ಒಂದು ಸ್ವರ ಇನ್ನೂ ಸ್ವಲ್ಪ ಇರ್ಲಿ ಅನ್ಸುತ್ತೆ. ಇದು ಕಾಯಲ್ಲ. ಕಾಯೋಕೆ ಒಬ್ರು ಕೂರ್ಲೇಬೇಕು." ಹೇಳಿ, ಬಿದ್ದಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದಳು.

ನಾನು ಅನೇಕರಿಗೆ ಕಾರು ಕಲಿಸಿದ್ದೇನೆ. ತನಗೆ ಬೇಕಾದ ದಾರಿ ಎದುರಿಗೇ ತೆರೆದಿರುವಾಗ ಬ್ರೇಕು ಹಾಕುವವರನ್ನು ಕಂಡದ್ದು ಕಡಿಮೆ. ಎದೆ ಉಬ್ಬಿ ಬಂತು. ಅದರ ಬೆನ್ನಿಗೇ ಸಿಟ್ಟೂ ಬಂತು, ಈ ಜನ ಏನೂ ತಿಳಿಯದೆ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರಲ್ಲ ಎಂದು. ಎದ್ದು ನಿಂತುಬಿಟ್ಟೆ.

"ಅವಳಿಗೆ ಹಾಡ್ಬೇಕು ಕಣ್ರೀ!" ಎಂದೆ. ಮೆಲ್ಲಗೆ ಹೇಳುವುದು ನನಗೆ ಬರುವುದಿಲ್ಲ. "ಮೊದಲ ದಿನ ಹಾಡೋಕೆ ಅಂತ ಬಂದೋಳು. ನೀವು ಕೂರಿಸಿದ್ರಿ, ಕೂತ್ಲು. ಇವತ್ತು ನಿಂತಿದ್ಲು ನೋಡಿದ್ರಾ? ಈಗ ಹೇಳಿದ್ಲಲ್ಲ ರೆಕಾರ್ಡಿಂಗ್ ಬೇಡ ಅಂತ, ಅದರಿಂದ ಆ ಸಾಲಲ್ಲಿ ಹೋಗಿದ್ದು ಯಾರ ಜಾಗ ಗೊತ್ತಾ? ಅವಳದ್ದೇ!"

"ರೀ, ಕೂತ್ಕೊಳ್ಳಿ" ಎಂದಳು. ಕಿವಿಯವರೆಗೆ ಕೆಂಪಾಗಿದ್ದಳು.

ಡಾಕ್ಟರಮ್ಮ ಬಾಯಿಗೆ ಕೈ ಇಟ್ಟುಕೊಂಡಿದ್ದರು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಅದನ್ನು ಕೊಟ್ಟದ್ದೂ ಇವಳೇ. "ಒಂದು ಮಾತು ಹೇಳ್ಬಾರ್ದಿತ್ತೇನಮ್ಮಾ?" ಎಂದರು. ಅವರೇ ಮುಂದುವರಿದರು: "ಪಿಯಾನೊ ಇಲ್ಲದ ಹಾಡುಗಳೂ ಇವೆ. ಕಷ್ಟ ಅಂತ ನಾನೇ ದೂರ ಇಟ್ಟಿದ್ದೆ. ಸುಮ್ಮನೆ ದನಿ ಮೇಲೆ ದನಿ ನಿಲ್ಲಿಸ್ಬೇಕು, ಹಿಡಿಯೋಕೆ ಕೆಳಗೆ ಏನೂ ಇರಲ್ಲ. ಇನ್ಮೇಲೆ ಪ್ರತಿ ಕಾರ್ಯಕ್ರಮದಲ್ಲಿ ಅಂಥದ್ದೊಂದು ಹಾಡೋಣ. ಆಗ ನೀನು ಎರಡನೇ ಸಾಲಿಗೆ ಹೋಗು." ಅವಳು ತಲೆಯಾಡಿಸಿದಳು.

ಅಲ್ಲಿಂದ ಶುರುವಾಯಿತು ನಮ್ಮ ಮನೆಯಲ್ಲಿ ಹಾಡು. ಒಲೆ ಮುಂದೆ, ಬಚ್ಚಲಲ್ಲಿ, ಬೀಗದ ಕೈ ಹುಡುಕುವಾಗ. ಮನೆಯಲ್ಲಿ ಆ ದನಿ ನನಗೆ ಚೆನ್ನಾಗಿ ಪರಿಚಯವಾಯಿತು, ಸ್ವಲ್ಪ ತಗ್ಗಿನದು, ಅಂಚಿನಲ್ಲಿ ಕೊಂಚ ಒರಟು.

ಗ್ರಂಥಾಲಯದಲ್ಲಿ ಮೊದಲ ಕಾರ್ಯಕ್ರಮ. ಪಿಯಾನೊ ಹೊತ್ತು ತಂದು, ಚಾಪೆ ಹಾಸಿ, ಸ್ಪೀಕರು ಜೋಡಿಸಿ, ಮುಂದಿನ ಸಾಲಿನಲ್ಲೇ ಕೂತೆ. ಕೊನೆಯ ಹಾಡಿಗೆ ಅವಳು ಪಿಯಾನೊದ ಸ್ವಿಚ್ಚು ಆರಿಸಿ ಎದ್ದು ಹೋಗಿ ನಿಂತಳು. ಈ ಸಲ ಕೈಗಳು ಸುಮ್ಮನಿದ್ದವು. ನಾನು ಉಸಿರು ಬಿಗಿಹಿಡಿದು ಅವಳ ದನಿಗಾಗಿ ಕಿವಿ ಕೊಟ್ಟೆ. ತುಟಿ ಅಲುಗುವುದು ಕಾಣುತ್ತಿದೆ, ಭುಜ ಏಳುವುದು ಕಾಣುತ್ತಿದೆ, ದನಿ ಮಾತ್ರ ಸಿಗುತ್ತಿಲ್ಲ. ಕುರ್ಚಿಯ ತುದಿಗೆ ಸರಿದೆ. ಕಣ್ಣು ಮುಚ್ಚಿ ನೋಡಿದೆ. ಕಪಾಟುಗಳ ನಡುವೆ ಒಂದೇ ಒಂದು ದೊಡ್ಡ ದನಿ ತುಂಬಿಕೊಂಡಿತ್ತು, ಅದು ಯಾರದೂ ಆಗಿರಲಿಲ್ಲ. ಹಾಡು ಮುಗಿದು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಒಳಗೊಳಗೆ ಅಳು ಬರುವಂತಾಗಿತ್ತು. ಇಷ್ಟೆಲ್ಲ ಆಗಿ, ಅವಳು ಹಾಡಿದ ದಿನ ನನಗೆ ಅವಳು ಕೇಳಿಸಲಿಲ್ಲ.

ಕಾರಿನಲ್ಲಿ ಪಿಯಾನೊದ ಹಿಂದಿನಿಂದ ಕೇಳಿಯೇಬಿಟ್ಟಳು. "ಹೇಗಿತ್ತು? ನಂದು?"

ಚೆನ್ನಾಗಿತ್ತು ಎನ್ನೋಣ ಎಂದುಕೊಂಡೆ. ಆದರೆ ಇವಳ ಮುಂದೆ ಸುಳ್ಳು ಹೇಳಿ ದಕ್ಕಿಸಿಕೊಳ್ಳುವುದು ನನ್ನಿಂದಾಗದು. ಕಾರನ್ನು ಪಕ್ಕಕ್ಕೆ ನಿಲ್ಲಿಸಿದೆ. "ಬೇಜಾರು ಮಾಡ್ಕೋಬೇಡ. ನಂಗೆ ನಿನ್ನ ದನಿ ಕೇಳಿಸ್ಲೇ ಇಲ್ಲ."

"ಎಲ್ಲೂ?"

"ಎಲ್ಲೂ ಇಲ್ಲ. ಎಷ್ಟು ಹುಡುಕಿದೆ ಗೊತ್ತಾ."

"ಒಂದು ಸ್ವರನೂ? ನಿಜವಾಗ್ಲೂ? ಮನೇಲಿ ದಿನಾ ಕೇಳೋ ನಿಮಗೂ?"

"ಆಣೆ ಮಾಡಿ ಹೇಳ್ತೀನಿ, ಇಲ್ಲ."

ಹಿಂದಿನಿಂದ ನಗು ಬಂತು. ಅಂಥ ನಗು ನಾನು ಅವಳಿಂದ ಕೇಳಿರಲಿಲ್ಲ. ಪಿಯಾನೊದ ಪೆಟ್ಟಿಗೆಗೆ ಅಂಗೈಯಿಂದ ಬಡಿದಳು. "ಅದೇ ರೀ ಬೇಕಾಗಿದ್ದು! ತಂಡದಲ್ಲಿ ಒಬ್ಬರ ದನಿ ಬೇರೆಯಾಗಿ ಕೇಳಿಸ್ತು ಅಂದ್ರೆ ಅವರಿಗೆ ಇನ್ನೂ ಬಂದಿಲ್ಲ ಅಂತ. ಎಷ್ಟೋ ಜನಕ್ಕೆ ಅದನ್ನ ಕಲಿಯೋಕೆ ವರ್ಷಗಟ್ಟಲೆ ಹಿಡಿಯುತ್ತೆ. ಇನ್ನೊಂದ್ಸಲ ಹೇಳಿ."

ಮನೆ ಮುಟ್ಟುವವರೆಗೂ ಹೇಳಿಸಿದಳು, ನಾನೂ ಹೇಳಿದೆ. ಮರುದಿನ ಬೆಳಗಿನಿಂದ ನನ್ನ ಪಕ್ಕ ಕೂತು ಗೇರಿನೊಡನೆ ಒದ್ದಾಡಿದವರಿಗೆಲ್ಲ ನಾನೇ ಹೇಳಿದೆ: ನಿನ್ನೆ ನನ್ನ ಹೆಂಡತಿ ಅಷ್ಟು ಜನರ ಮುಂದೆ ಹಾಡಿದಳು ಗೊತ್ತಾ, ಒಂದೇ ಒಂದು ಸ್ವರವೂ ಕೇಳಿಸಲಿಲ್ಲ!